ನಾನು ಹೋಗದ ಮದುವೆಯಲ್ಲಿ ನಾನು

"ತಂಗಿ ಮದ್ವಿ ಮುಗಿಸ್ಕೊಂಡು ಬಂದು ಸುಮ್ನ ಕುಂತೀಯಲ್ಲ, ಸಿಹಿ ಎಲ್ಲೈತಿ?" ಎಂದು ನನ್ನ ಜೊತೆ ಡ್ಯೂಟಿ ಮಾಡುವ ನರ್ಸ್ ಕೇಳಿದಾಗ ನಾನು ಇಂಜೆಕ್ಷನ್ ಟ್ರೇ ಜೋಡಿಸುತ್ತಿದ್ದೆ. ಯಾವ ಮದುವೆ ಎಂದೆ. ಅವಳ ತವರು ಹರಪನಹಳ್ಳಿ ಕಡೆ. ಊರಿನವರ ಗ್ರೂಪಿಗೆ ಬಂದಿದ್ದ ಫೋಟೋ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. "ಇದು ನೀನಲ್ಲೇನು ಮತ್ತ?"

ನಾನೇ. ಗುಲಾಬಿ ಹೂವಿನ ಸ್ಟೇಜು, ನಡುವೆ ತಂಗಿ ಮತ್ತು ಅವಳ ಗಂಡ, ಈ ಕಡೆ ಅಪ್ಪ, ತಮ್ಮ, ಅವ್ವ. ಅವ್ವನ ಪಕ್ಕದಲ್ಲಿ ಸಾಸಿವೆ ಬಣ್ಣದ ಸೀರೆ ಉಟ್ಟು ಹಲ್ಲು ಕಿರಿಯುತ್ತಿರುವ ನಾನು. ಫೋಟೋದ ಮೇಲಿದ್ದ ತಾರೀಖು ನನ್ನ ವಾರದ ರಜೆಯದು. ಆ ದಿನ ನಾನು ಕೆಲಸದ ಊರು ಹಡಗಲಿ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಮದುವೆ ಇದೆ ಎಂಬುದೇ ಗೊತ್ತಿರಲಿಲ್ಲ. ಆದರೂ "ಹೂಂ, ನಾನೇ" ಎಂದುಬಿಟ್ಟೆ. ತವರಿನ ಮಾನ ಮುಚ್ಚುವ ಚಾಳಿ ಹೆಣ್ಣುಮಕ್ಕಳನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಫೋಟೋವನ್ನು ನನ್ನ ಮೊಬೈಲಿಗೆ ಕಳಿಸಿಕೊಂಡೆ.

ನನ್ನ ತವರು ಕೊಟ್ಟೂರು. ಅಪ್ಪನದು ಮಂಡಕ್ಕಿ ಭಟ್ಟಿ. ನಾನು ಬೇರೆ ಜಾತಿಯವನನ್ನು ಮದುವೆಯಾದಾಗ ಅಪ್ಪ ನನ್ನ ಹೆಸರು ಎತ್ತುವುದನ್ನೇ ಬಿಟ್ಟ. ನನ್ನ ಗಂಡ ಹಗರಿಬೊಮ್ಮನಹಳ್ಳಿಯವನು, ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಾನೆ. ಅಪ್ಪನಿಗೆ ಸಿಟ್ಟು ಅವನ ಕೆಲಸದ ಮೇಲಲ್ಲ, ಅವನು ಹುಟ್ಟಿದ ಕೇರಿಯ ಮೇಲೆ. ಮಗಳು ಹುಟ್ಟಿದ ಮೇಲೆ ಅವ್ವ ಮೆಲ್ಲಗೆ ಬಂದು ಹೋಗತೊಡಗಿದಳು. ತಮ್ಮನೂ ಬಂದ, ನಮ್ಮ ಮನೆಯಲ್ಲಿ ಕೂತು ಉಂಡ. ಎಲ್ಲ ಸರಿಹೋಗುತ್ತಿದೆ ಎಂದು ನಾನು ಹಿಗ್ಗಿದೆ. "ನಿಮ್ಮವ್ರು ಇನ್ನಾ ಬಾಗ್ಲ ತೆಗ್ದಿಲ್ಲ, ಕಿಟಕಿ ತೆಗ್ದಾರ ಅಷ್ಟ" ಎಂದು ಗಂಡ ಕಾಡಿಸಿದರೆ ಅವನ ಮೇಲೆಯೇ ಹರಿಹಾಯುತ್ತಿದ್ದೆ. ತಂಗಿಗೆ ಗಂಡು ನೋಡುತ್ತಿದ್ದದ್ದು ಗೊತ್ತಿತ್ತು. ಮೊನ್ನೆ ಮೊನ್ನೆಯವರೆಗೂ ಅವ್ವ ಫೋನಿನಲ್ಲಿ "ಇನ್ನಾ ಏನೂ ಗಟ್ಟಿ ಆಗಿಲ್ಲವ್ವ" ಎನ್ನುತ್ತಿದ್ದಳು. ತಂಗಿಯಂತೂ ಯಾವ ಬಣ್ಣದ ಸೀರೆಗೆ ಯಾವ ರವಿಕೆ ಎಂದು ನನ್ನನ್ನೇ ಕೇಳಿದ್ದಳು. ಸುಮ್ಮನೆ ಕೇಳುತ್ತಿದ್ದಾಳೆ ಎಂದುಕೊಂಡು ಹೇಳಿದ್ದೆ. ಫೋಟೋದಲ್ಲಿ ಅದನ್ನೇ ಉಟ್ಟಿದ್ದಳು.

ಸಂಜೆ ಮನೆಯಲ್ಲಿ ಫೋಟೋವನ್ನು ಹಿಗ್ಗಿಸಿ ನೋಡಿದೆ. ನನ್ನದು ಮಗಳ ಕಿವಿ ಚುಚ್ಚಿಸಿದ ದಿನ ನಮ್ಮ ಅಂಗಳದಲ್ಲಿ ತಮ್ಮ ತೆಗೆದ ಚಿತ್ರ. "ಅಕ್ಕಾ, ಸ್ವಲ್ಪ ನಗು" ಎಂದಿದ್ದ, ನಕ್ಕಿದ್ದೆ. ಅಂಗಳ ಹೋಗಿ ಮಂಟಪ ಬಂದಿತ್ತು. ಅಂದು ಸೊಂಟದ ಮೇಲೆ ಮಗಳಿದ್ದಳು. ಇಲ್ಲಿ ನಾನು ಹಾಗೆಯೇ ಒಂದು ಕಡೆ ವಾಲಿ ನಿಂತಿದ್ದೇನೆ, ಎಡಗೈ ಹಾಗೆಯೇ ಬಳಸಿಕೊಂಡಿದೆ, ಆದರೆ ಕೈಯಲ್ಲಿ ಅಕ್ಷತೆಯ ತಟ್ಟೆ! ಮಗಳನ್ನು ಕಿತ್ತು ತಟ್ಟೆ ಕೊಟ್ಟಿದ್ದರು. ಆಮೇಲೆ ಕೊರಳು ನೋಡಿದೆ. ಕರಿಮಣಿ ಇರಲಿಲ್ಲ. ತಾಳಿ ಇದ್ದ ಜಾಗವನ್ನು ನೀಟಾಗಿ ಒರೆಸಿ ಒಂದೆಳೆ ಚಿನ್ನದ ಸರ ಬಿಡಿಸಿದ್ದರು. ಗಂಡ ಒಳಗೆ ಸ್ನಾನ ಮಾಡುತ್ತ ಹಾಡಿಕೊಳ್ಳುತ್ತಿದ್ದ. ಅವನಿಗೆ ತೋರಿಸಲಿಲ್ಲ.

ಮರುದಿನ ರಜೆ ಹಾಕಿ, ಮಗಳನ್ನು ಎತ್ತಿಕೊಂಡು ಕೊಟ್ಟೂರಿನ ಬಸ್ಸು ಹತ್ತಿದೆ. ಅಪ್ಪ, ತಮ್ಮ ಭಟ್ಟಿಯಲ್ಲಿದ್ದರು, ಅವ್ವ ಒಬ್ಬಳೇ. ಫೋಟೋ ತೆರೆದು ಮೊಬೈಲನ್ನು ಅವಳ ಮುಂದೆ ಹಿಡಿದೆ. ಅವ್ವ ಅದನ್ನು ನೋಡಿದವಳೇ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಿಸಿ ಮಂಡಕ್ಕಿ ತಿನ್ನಿಸತೊಡಗಿದಳು.

"ಗಂಡಿನ ಕಡಿಯವ್ರು, ಆ ಹರಪನಹಳ್ಳಿಯವ್ರು, ಹಿರೇಮಗಳ ಬಗ್ಗಿ ಕೇಳಿದ್ರು. ನೌಕ್ರಿ ಮಾಡ್ತಾಳ, ಲಗ್ನ ಒಲ್ಲೆ ಅಂದಾಳ ಅಂತ ನಿಮ್ಮಪ್ಪ ಹೇಳಿಬಿಟ್ಟ. ಇನ್ನ ನಿನ್ನ ಹ್ಯಾಂಗ ಕರೀಲಿ? ಬಂದು ಅಕ್ಕಿಕಾಳು ಹಾಕಿ ಡ್ಯೂಟಿ ಅಂತ ಹೋದ್ಳು ಅಂತ ಮದ್ವಿ ಗದ್ಲದಾಗ ಸಾಗ್ಸಿದ್ವಿ. ಆಲ್ಬಮ್ಮಿನಾಗ ಇಲ್ಲಂದ್ರ ಸಂಶಯ ಬರ್ತೈತಂತ ನಿನ್ ತಮ್ಮ ಸ್ಟುಡಿಯೋದಾಗ ಹಾಕ್ಸಿದ."

"ನನ್ನ ಕೂಸು?"

"ಕೂಸಿದ್ರ ಯಾರ ಕೂಸು ಅಂತಾರ" ಎಂದಳು, ಅದೇ ಕೂಸಿನ ಬಾಯಿ ಒರೆಸುತ್ತ.

ಅಪ್ಪನ ಮೇಲೆ ನನಗೆ ಆಸೆಯೇ ಇರಲಿಲ್ಲ. ತಮ್ಮ ಹುಡುಗುಬುದ್ಧಿಯವನು ಎಂದುಕೊಳ್ಳಬಹುದಿತ್ತು. ನನ್ನ ಮನೆಗೆ ಬಂದು, ನನ್ನ ಅಡುಗೆ ಉಂಡು, ನನ್ನ ಗಂಡನನ್ನು "ಅಪ್ಪಾ" ಎಂದು ಕರೆದವಳು ಅವ್ವ. ನಂಬಿದವರೇ ಕುತ್ತಿಗೆ ಕೊಯ್ದರು ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೆ. ನನ್ನ ಕುತ್ತಿಗೆಯನ್ನು ಕೊಯ್ಯಲಿಲ್ಲ, ಬೋಳು ಮಾಡಿದರು. ಅತ್ತುಬಿಟ್ಟೆ.

ಅವ್ವ ನನ್ನ ಕೈ ಹಿಡಿದುಕೊಂಡಳು. ತಪ್ಪಾಯಿತು ಎನ್ನುತ್ತಾಳೆ ಎಂದು ಕಾದೆ. ಅಷ್ಟು ಅಂದಿದ್ದರೂ ಸಾಕಾಗಿತ್ತು.

"ಸೋಮವಾರ ಬೀಗರು ಬರ್ತಾರ. ಹಿರೇಮಗಳ್ನ ನೋಡ್ಬೇಕು ಅಂತಾರ. ಒಬ್ಬಾಕಿನ ಬಂದು ಮಾತಾಡ್ಸಿ ಹೋಗವ್ವ. ತಂಗಿ ಬಾಳೇವು ನಿನ್ ಕೈಯಾಗೈತಿ" ಎಂದಳು. ಅವಳ ಕಣ್ಣು ನನ್ನ ಕೊರಳ ಮೇಲಿತ್ತು. "ಇದನ್ನ ಒಂದು ತಾಸು ತೆಗ್ದಿಡು."

"ನನ್ನ ಗಂಡ ಬದುಕ್ಯಾನವ್ವ."

"ನನಗ ಗೊತ್ತಿಲ್ಲೇನು? ಅವ್ನಿಗೆ ಏನೂ ಆಗಬಾರ್ದು" ಎಂದು ಎದ್ದು ದೇವರ ಗೂಡಿಗೆ ಕೈಹಾಕಿದಳು. ಅರಿಶಿನ ಹಚ್ಚಿದ ದಾರ, ಅದಕ್ಕೆ ಕಟ್ಟಿದ ಅರಿಶಿನದ ಕೊಂಬು. ತಾಳಿ ತೆಗೆಯಬೇಕಾಗಿ ಬಂದಾಗ ಮುತ್ತೈದೆ ಕಟ್ಟಿಕೊಳ್ಳುವಂಥದ್ದು. ಮೊದಲೇ ಮಾಡಿಟ್ಟಿದ್ದಳು. "ಸೊಂಟಕ್ಕ ಕಟ್ಕೊ. ಸೀರಿ ಒಳಗ ಯಾರಿಗೂ ಕಾಣಂಗಿಲ್ಲ."

ನನ್ನ ಗಂಡನ ಆಯುಷ್ಯದ ಬಗ್ಗೆ ಅವಳಿಗಿದ್ದ ಕಾಳಜಿ ಸುಳ್ಳಾಗಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಅವಳ ತೊಡೆಯಿಂದ ಇಳಿದು ನಿಂತಿದ್ದ ಮಗಳನ್ನು ಎತ್ತಿಕೊಂಡೆ.

"ನಾ ಬರಂಗಿಲ್ಲ. ಸೋಮವಾರನೂ ಬರಂಗಿಲ್ಲ, ಆಮ್ಯಾಲೂ ಬರಂಗಿಲ್ಲ" ಎಂದೆ.

ಅವ್ವ ದಾರ ಹಿಡಿದುಕೊಂಡೇ ಬಾಗಿಲವರೆಗೆ ನನ್ನ ಹಿಂದೆ ಬಂದಳು.

"ಬರಂಗಿಲ್ಲ ಅಂದ್ರ ಹ್ಯಾಂಗವ್ವ?" ಎಂದಳು. "ಫೋಟೋ ಎಲ್ರಿಗೂ ಹೋಗೈತಲ್ಲ."