ತಗಡಿನ ಪೆಟ್ಟಿಗೆಯ ಟೀ ಅಕ್ಕ

ನಮ್ಮ ಬೀದಿಯ ಟೀ ಅಕ್ಕನ ಚಹಾ ಎಷ್ಟು ಗಟ್ಟಿಯೆಂದರೆ, ಅದರಲ್ಲಿ ಚಮಚ ನೆಟ್ಟರೆ ಬೆಳಗಾಗುವುದರೊಳಗೆ ಚಿಗುರುತ್ತಿತ್ತು. ಚೀಲದಲ್ಲಿಟ್ಟರೆ ಗಾಜಿನ ಲೋಟ ಒಡೆಯುತ್ತವೆಂದು ಆಕೆ ಅವನ್ನು ತಗಡಿನ ಪೆಟ್ಟಿಗೆಯಲ್ಲಿ ಒಯ್ಯುತ್ತಿದ್ದಳು. ಚುನಾವಣೆಯ ಮತ ಎಣಿಸುವವರಿಗೆ ಚಹಾ ಕೊಟ್ಟು ಎಣಿಕೆ ಕೇಂದ್ರದ ಹಿಂಬಾಗಿಲಿಂದ ಬರುವಾಗಲೂ ಅದೇ ಪೆಟ್ಟಿಗೆ ಕೈಯಲ್ಲಿತ್ತು. ಯಾರೋ ವಿಡಿಯೊ ಮಾಡಿದರು. ಸೋತ ನಾಯಕರೊಬ್ಬರು ಅದನ್ನು ಟಿವಿಯಲ್ಲಿ ತೋರಿಸಿ, ಮತಪೆಟ್ಟಿಗೆ ಕದ್ದವಳು ಇವಳೇ ಎಂದರು. ಚಾನೆಲ್‌ನವರು ಆ ವಿಡಿಯೊದಲ್ಲಿ ಅವಳನ್ನು ಎಷ್ಟು ಸಲ ನಡೆಸಿದರೆಂದರೆ, ಅಷ್ಟು ನಡೆದಿದ್ದರೆ ಚಂದ್ರನನ್ನು ಮುಟ್ಟಿ ವಾಪಸು ಬರಬಹುದಿತ್ತು.

ಅಂಗಡಿಗೆ ಕಲ್ಲು ಬಿತ್ತು. ಅದನ್ನು ಸಹಿಸಿದಳು. ಎತ್ತಿ ಆಡಿಸಿ ಬೆಳೆಸಿದ ತಮ್ಮನೇ ಅದನ್ನು ನಂಬಿ ಅವಳ ಕೈಯ ಊಟ ಬಿಟ್ಟದ್ದನ್ನು ಸಹಿಸಲಾಗಲಿಲ್ಲ. ಎಣಿಕೆಯ ದಿನ ಅವಳ ಲೋಟದಲ್ಲೇ ಎರಡು ಸಲ ಚಹಾ ಕುಡಿದಿದ್ದ ಆ ನಾಯಕರ ಮನೆಗೆ ಹೋದಳು.

ಅವರು ಬಾಗಿಲು ಮುಚ್ಚಿಕೊಂಡು ಹೇಳಿದರು: "ನಿಂದೇನೂ ತಪ್ಪಿಲ್ಲಮ್ಮ, ಗೊತ್ತು ನಂಗೆ. ಆದ್ರೆ ಜನ ನಂಬಿಬಿಟ್ಟಿದ್ದಾರೆ. ಈಗ ಸುಳ್ಳು ಅಂದ್ರೆ ನನ್ನನ್ನೇ ಬಿಡ್ತಾರಾ?"

ಮನೆಗೆ ಬಂದು ಅಷ್ಟನ್ನೂ ತಮ್ಮನಿಗೆ ಹೇಳಿದಳು. ಅವನು ಪೂರ್ತಿ ಕೇಳಿದ. ಅವಳಿಗೆ ಹೋದ ಜೀವ ಬಂದಂತಾಯಿತು.

"ಹಾಗಾದ್ರೆ ನೀವೆಲ್ಲ ಸೇರಿ ಅವರನ್ನೂ ಹೆದರಿಸಿ ಬಾಯಿ ಮುಚ್ಚಿಸಿದ್ರಿ," ಎಂದ ತಮ್ಮ. "ನಿನ್ನ ಹಿಂದೆ ಯಾರಿದ್ದಾರೆ ಅಕ್ಕ, ಅಷ್ಟಾದ್ರೂ ಹೇಳೇ."

ಆ ವಾರವೇ ಅವನು ಬೇರೆ ಮನೆ ಮಾಡಿದ.