ಫೀಸಿಗಾಗಿ ವೇದಿಕೆ ಹತ್ತಿದ ಭಾನುವಾರ

ಮಗಳು ಆರನೇ ಕ್ಲಾಸಿಗೆ ಹೋದ ವರ್ಷ ನಾನು ಬೋಟಿನ ಕೆಲಸ ಬಿಟ್ಟೆ. ಬಿಡುವ ಆಸೆಯೇನೂ ಇರಲಿಲ್ಲ, ಬಿಡದೆ ಉಪಾಯವಿರಲಿಲ್ಲ. ಮೀಸೆ ಮೂಡುವ ಮೊದಲೇ ಗಂಗೊಳ್ಳಿ ಬಂದರಿನಲ್ಲಿ ಮೀನಿನ ಬೋಟು ಹತ್ತಿದವನು ನಾನು. ಒಮ್ಮೆ ಹೊರಟರೆ ವಾರಗಟ್ಟಲೆ ನೀರಿನ ಮೇಲೆಯೇ. ಹೆಂಡತಿ ಮುಂಬಯಿಗೆ ಹೋದ ಮೇಲೆ ಮಗಳನ್ನು ನೋಡಿಕೊಂಡದ್ದು ನನ್ನ ಅಕ್ಕ. ಅವಳದ್ದು ಪಕ್ಕದ ಮನೆ. ನಾನು ಕಡಲಿಗೆ ಹೊರಟ ದಿನ ಮಗಳು ತಲೆದಿಂಬು, ಶಾಲೆಯ ಚೀಲ ಹಿಡಿದುಕೊಂಡು ಅಲ್ಲಿಗೆ ಹೋಗಿಬಿಡುತ್ತಿದ್ದಳು. ಆ ವರ್ಷ ಅಕ್ಕನ ಮಂಡಿ ಪೂರ್ತಿ ಕೈಕೊಟ್ಟಿತು. ಉಪ್ಪುಂದದಲ್ಲಿರುವ ಅವಳ ಮಗಳು ಬಂದು, ಇನ್ನು ಒಬ್ಬಳೇ ಇರುವುದು ಬೇಡ ಎಂದು ತನ್ನ ಮನೆಗೆ ಕರೆದುಕೊಂಡು ಹೋದಳು. ಹೊರಡುವಾಗ ಅಕ್ಕ ನನ್ನ ಮುಖ ನೋಡಲಿಲ್ಲ. ಅವಳೇ ಏನೋ ತಪ್ಪು ಮಾಡಿದವಳ ಹಾಗೆ ಸೆರಗು ಸರಿಮಾಡಿಕೊಳ್ಳುತ್ತ ರಿಕ್ಷಾ ಹತ್ತಿದಳು.

ದಡದ ಮೇಲೆ ನನಗೆ ಬರುವ ಕೆಲಸ ಒಂದೂ ಇರಲಿಲ್ಲ. ಬಂದರಿನ ಐಸ್ ಪ್ಲಾಂಟಿನ ಮೆಕ್ಯಾನಿಕ್ಕು ಪರಿಚಯದವರು. ಫ್ರಿಜ್, ಎ.ಸಿ. ರಿಪೇರಿ ಕಲಿತರೆ ಊರಲ್ಲೇ ಇದ್ದುಕೊಂಡು ಬದುಕಬಹುದು, ಕುಂದಾಪುರದಿಂದ ಬ್ರಹ್ಮಾವರದವರೆಗೆ ಹೋಟೆಲು, ಅಂಗಡಿ ಎಲ್ಲ ಕಡೆ ಜನ ಬೇಕು ಎಂದು ಅವರು ಹೇಳಿದರು. ಬ್ರಹ್ಮಾವರದಲ್ಲಿ ಒಂದು ಖಾಸಗಿ ತರಬೇತಿ ಕೇಂದ್ರವಿತ್ತು. ಆರು ತಿಂಗಳ ಕೋರ್ಸು, ಎರಡು ಕಂತಿನಲ್ಲಿ ಫೀಸು. ನನ್ನ ಬೈಕನ್ನು ಮಾರಿ ಮೊದಲ ಕಂತು ಕಟ್ಟಿದೆ. ಎರಡನೆಯದಕ್ಕೆ ಏನಾದರೂ ದಾರಿಯಾದೀತು ಅಂದುಕೊಂಡೆ.

ಮೊದಲ ದಿನ ಕೇಂದ್ರದ ಬಾಗಿಲಲ್ಲಿ ನಿಂತಾಗ ಆಫೀಸಿನ ಹುಡುಗಿ, ಯಾರನ್ನು ಸೇರಿಸಬೇಕಿತ್ತು, ಮಗ ಬಂದಿದ್ದಾನಾ ಎಂದು ಕೇಳಿದಳು. ನಾನೇ ಸೇರುವವನು ಎಂದಾಗ ಅವಳಿಗೂ ಮುಜುಗರವಾಯಿತು. ಕ್ಲಾಸಿನಲ್ಲಿದ್ದ ಹುಡುಗರೆಲ್ಲ ಆಗಷ್ಟೇ ಪಿಯುಸಿ ಮುಗಿಸಿದವರು, ಕೆಲವರು ಫೇಲಾದವರು. ನನ್ನನ್ನು ‘ಅಂಕಲ್’ ಎಂದು ಕರೆಯುತ್ತಿದ್ದರು. ಒಳ್ಳೆಯ ಮಕ್ಕಳೇ. ಆದರೆ ಪಾಠ ಮಾಡುವ ಮೇಷ್ಟ್ರು ನನಗಿಂತ ಎಷ್ಟೋ ಚಿಕ್ಕವರು. ನನ್ನನ್ನು ಬಯ್ಯುವುದಕ್ಕೂ ಆಗದೆ, ಬಯ್ಯದೆ ಇರುವುದಕ್ಕೂ ಆಗದೆ ಒದ್ದಾಡುತ್ತಿದ್ದರು. ಹಗ್ಗ ಎಳೆದು ಎಳೆದು ನನ್ನ ಬೆರಳುಗಳು ದಪ್ಪಗಾಗಿ, ತುದಿಯಲ್ಲಿ ಸ್ಪರ್ಶವೇ ಇಲ್ಲದಂತಾಗಿದ್ದವು. ಫ್ರಿಜ್ಜಿನ ಹಿಂದಿರುವ ಸಣ್ಣ ತಾಮ್ರದ ಕೊಳವೆ ಹಿಡಿದರೆ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಬಗ್ಗಿಸಲು ಹೋಗಿ ಮುರಿದುಬಿಡುತ್ತಿದ್ದೆ. ಮುರಿದ ಕೊಳವೆಯನ್ನು ಮೇಷ್ಟ್ರು ಏನೂ ಹೇಳದೆ ತೆಗೆದುಕೊಂಡು ಬದಿಗಿಡುತ್ತಿದ್ದರು. ಬಯ್ದಿದ್ದರೆ ವಾಸಿಯಿತ್ತು.

ಮನೆ ಖರ್ಚಿಗೆಂದು ಬೆಳಗಾಗುತ್ತಲೇ ಬಂದರಿಗೆ ಹೋಗಿ ಐಸ್ ಒಡೆದು, ಮೀನಿನ ಬುಟ್ಟಿ ಲಾರಿಗೆ ಹೊತ್ತು, ಮನೆಗೆ ಬಂದು ಮಗಳನ್ನು ಶಾಲೆಗೆ ಕಳುಹಿಸಿ, ಬಸ್ಸು ಹಿಡಿಯುತ್ತಿದ್ದೆ. ತ್ರಾಸಿ ಸುತ್ತಿ ಕುಂದಾಪುರ, ಅಲ್ಲಿಂದ ಇನ್ನೊಂದು ಬಸ್ಸು. ಎಷ್ಟು ಸಾಬೂನು ಹಾಕಿದರೂ ಮೈಯಿಂದ ವಾಸನೆ ಹೋಗುತ್ತಿರಲಿಲ್ಲ. ಕಾಲೇಜಿನ ಮಕ್ಕಳು ತುಂಬಿದ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಾನು ಬಾಗಿಲ ಹತ್ತಿರವೇ ನಿಲ್ಲುತ್ತಿದ್ದೆ. ಕಡಲಿನಲ್ಲಿದ್ದಷ್ಟು ವರ್ಷ ಆ ವಾಸನೆ ನನಗೊಂದು ಸಂಗತಿಯೇ ಆಗಿರಲಿಲ್ಲ.

ಎರಡನೆಯ ಕಂತಿನ ಸಮಯ ಬಂತು. ದುಡ್ಡಿರಲಿಲ್ಲ. ಕೇಂದ್ರದವರು ಒಂದೆರಡು ವಾರ ಸುಮ್ಮನಿದ್ದು, ಆಮೇಲೆ ಫೀಸು ಕಟ್ಟಿಯೇ ಕ್ಲಾಸಿಗೆ ಬನ್ನಿ ಅಂದರು. ಬೋಟಿನ ಧಣಿಯನ್ನು ಕೇಳಬಹುದಿತ್ತು. ಕೇಳಿದರೆ ಮತ್ತೆ ಬೋಟಿಗೆ ಬಾ ಅನ್ನುತ್ತಿದ್ದರು. ಅಕ್ಕನೇ ಫೋನಿನಲ್ಲಿ, ನಮ್ಮ ಸಮಾಜದ ಸಂಘದವರು ವರ್ಷ ವರ್ಷ ಓದುವವರಿಗೆ ಸಹಾಯ ಮಾಡುತ್ತಾರಲ್ಲ, ಅಲ್ಲಿ ಹೋಗಿ ಕೇಳು ಎಂದು ಹೇಳಿದಳು. ಸಂಘದ ಕಾರ್ಯದರ್ಶಿಗಳ ಮನೆ ಕುಂದಾಪುರದಲ್ಲಿ. ನಿವೃತ್ತ ನೌಕರರು, ಮರ್ಯಾದಸ್ಥರು. ಒಳಗೆ ಕರೆದು ಕೂರಿಸಿ ಚಹಾ ಕೊಟ್ಟರು. ವಿಷಯ ಕೇಳಿ ಕನ್ನಡಕ ತೆಗೆದರು.

“ಹ್ವಾಯ್, ಇದ್ ಶಾಲಿ ಮಕ್ಕಳಿಗೆ ಕೊಡುವ ದುಡ್ಡ್. ನಿಮ್ಗೆ ಹ್ಯಾಂಗೆ ಕೊಡುದ್? ಗಟ್ಟಿಮುಟ್ಟಾಗಿ ಇದ್ರಿ, ದುಡುದ್ ತಿಂಬ ಪ್ರಾಯ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎದ್ದು ಬರಬೇಕೆನಿಸಿತು. ಆದರೆ ಚಹಾ ಇನ್ನೂ ಅರ್ಧ ಇತ್ತು, ಬಿಟ್ಟು ಏಳುವುದು ಹೇಗೆಂದು ಕೂತೆ. ಆಗ ಅವರು ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದರು. ನಾನು, ಮಗಳು ಅಂದೆ. ಹೆಂಡತಿ? ಮುಂಬಯಿಯಲ್ಲಿದ್ದಾಳೆ, ನಮ್ಮ ಒಟ್ಟಿಗಿಲ್ಲ ಅಂದೆ. ಬಂದು ಹೋಗುವುದಿಲ್ಲವಾ? ಇಲ್ಲ. ಮಗುವನ್ನು ವಿಚಾರಿಸುವುದೂ ಇಲ್ಲವಾ ಎಂದು ಕೇಳುವಾಗ ಅವರ ದನಿ ಮೆತ್ತಗಾಗಿತ್ತು. ಆ ಮೆತ್ತಗಿನ ದನಿ ಕೇಳಿಯೇ ನಾನು ಉತ್ತರ ಕೊಡಲಿಲ್ಲ. ಚಹಾದ ಲೋಟ ನೋಡುತ್ತ ಕೂತೆ. ಅವರು ನಿಟ್ಟುಸಿರು ಬಿಟ್ಟು, ಸಮಿತಿಯಲ್ಲಿ ಮಾತಾಡುತ್ತೇನೆ ಅಂದರು.

ಆ ಪ್ರಶ್ನೆಗೆ ಸರಿಯಾದ ಉತ್ತರ ಬೇರೆಯಿತ್ತು. ನನ್ನ ಹೆಂಡತಿ ಪ್ರತಿ ಭಾನುವಾರ ಮಗಳಿಗೆ ಫೋನು ಮಾಡುತ್ತಿದ್ದಳು. ಮೊದಲು ಅಕ್ಕನ ಫೋನಿಗೆ, ಅಕ್ಕ ಹೋದ ಮೇಲೆ ನನ್ನ ಫೋನಿಗೆ. ನಾನು ಹಲೋ ಅನ್ನದೆ ಫೋನನ್ನು ಮಗಳ ಕೈಗೆ ಕೊಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಅವಳು ಅಲ್ಲಿ ತನ್ನ ಅಣ್ಣನ ಸಣ್ಣ ಮೆಸ್ಸಿನಲ್ಲಿ ಅಡುಗೆ ಮಾಡಿಕೊಂಡಿದ್ದಳು. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ ಅಂದಿದ್ದಳು. ಕೊಡುವುದಿಲ್ಲ ಅಂದವನು ನಾನು.

ಒಂದು ವಾರ ಕಳೆದು ಕಾರ್ಯದರ್ಶಿಗಳು ಫೋನು ಮಾಡಿ, ಆಗಿದೆ, ಭಾನುವಾರ ಕುಂದಾಪುರದ ಸಭಾಭವನದಲ್ಲಿ ವಾರ್ಷಿಕ ಸಭೆ, ಅಲ್ಲೇ ಕೊಡುತ್ತೇವೆ, ಮಗಳನ್ನೂ ಕರೆದುಕೊಂಡು ಬನ್ನಿ ಅಂದರು. ಮಗಳು ಇದ್ದುದರಲ್ಲಿ ಒಳ್ಳೆಯ ಚೂಡಿದಾರ ಹಾಕಿಕೊಂಡಳು. ಬಾಗಿಲಲ್ಲಿ ಬಿಲ್ಲೆ ಚುಚ್ಚುತ್ತಿದ್ದ ಹೆಂಗಸು ಸಹಾಯಧನ ಪಡೆಯುವವಳು ಇವಳೇ ಎಂದು ತಿಳಿದು ಅವಳ ಭುಜಕ್ಕೆ ಬಣ್ಣದ ರಿಬ್ಬನ್ನು ಚುಚ್ಚಿದಳು. ಮಗಳು ನಾಚಿಕೊಂಡು, “ನಂಗಲ್ಲ, ಅಪ್ಪಯ್ಯಂಗೆ” ಅಂದಳು. ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ರಿಬ್ಬನ್ನು ತೆಗೆದು ನನ್ನ ಅಂಗಿಗೆ ಚುಚ್ಚಿದಳು.

ವೇದಿಕೆಯ ಮೆಟ್ಟಿಲ ಹತ್ತಿರ ಸಾಲು ನಿಂತಿತ್ತು. ಎಲ್ಲರೂ ಎಸ್ಸೆಸ್ಸೆಲ್ಸಿ, ಪಿಯುಸಿಯ ಮಕ್ಕಳು. ನನ್ನ ಮುಂದಿದ್ದವಳು ಎರಡು ಜಡೆಯ ಹುಡುಗಿ, ಅವಳ ತಲೆ ನನ್ನ ಎದೆಗೆ ಬರುತ್ತಿತ್ತು. ಸಾಲು ಮುಂದೆ ಸರಿದಂತೆ ಕೆಳಗೆ ಕೂತವರು ಪಕ್ಕದವರನ್ನು ಮುಟ್ಟಿ ನನ್ನ ಕಡೆ ತೋರಿಸುವುದು ಕಾಣುತ್ತಿತ್ತು. ಅವರಲ್ಲಿ ನನ್ನ ಒಟ್ಟಿಗೆ ಬಲೆ ಎಳೆದವರೂ ಇದ್ದರು.

ಮಕ್ಕಳಿಗೆಲ್ಲ ಹೆಸರು, ಅಂಕ ಹೇಳಿ ಲಕೋಟೆ ಕೊಟ್ಟರು. ನನ್ನ ಸರದಿ ಬಂದಾಗ ಕಾರ್ಯದರ್ಶಿಗಳು ಮೈಕು ತಾವೇ ತೆಗೆದುಕೊಂಡರು. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಈ ವಯಸ್ಸಿನ ಗಂಡಸಿಗೆ ಯಾಕೆ ಕೊಡುತ್ತಿದ್ದೇವೆ ಎಂದು ಸಭೆಗೆ ಹೇಳಬೇಕಿತ್ತು, ಹೇಳಿದರು. ಇವರ ಧರ್ಮಪತ್ನಿ ಹೆತ್ತ ಮಗುವನ್ನು ಬಿಟ್ಟು ಮುಂಬಯಿ ಸೇರಿದವರು ಮತ್ತೆ ತಿರುಗಿ ನೋಡಲಿಲ್ಲ, ತಾಯಿಯೇ ಕೈಬಿಟ್ಟ ಈ ಹೆಣ್ಣುಮಗುವಿಗೆ ಇವರೇ ತಾಯಿ, ಇವರೇ ತಂದೆ ಅಂದರು. ಸಭೆಯಲ್ಲಿ ಹೆಂಗಸರು ಲೊಚಗುಟ್ಟುವುದು ವೇದಿಕೆಯವರೆಗೂ ಕೇಳಿಸಿತು. ಮಗುವನ್ನೂ ಮೇಲೆ ಕಳುಹಿಸಿ ಅಂದರು. ಯಾರೋ ಅವಳನ್ನು ಮೆಟ್ಟಿಲು ಹತ್ತಿಸಿದರು. ಅವಳು ನನ್ನ ಪಕ್ಕ ಬಂದು ನಿಂತಳು, ನನ್ನ ಕೈ ಹಿಡಿಯಲಿಲ್ಲ. ಫೋಟೋದವನು ಈಚೆ ನೋಡಿ ಅಂದ. ಸಂಘದ ಅಧ್ಯಕ್ಷರು, ನಾನು, ಅವಳು, ಮೂವರೂ ಲಕೋಟೆ ಹಿಡಿದ ಹಾಗೆ ನಿಲ್ಲಿಸಿ, ಸರಿ ಬರಲಿಲ್ಲವೆಂದು ಇನ್ನೊಮ್ಮೆ ನಿಲ್ಲಿಸಿದ. ಹೆಂಡತಿ ನಮ್ಮೊಟ್ಟಿಗಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ತಾಯಿ ನಿನ್ನನ್ನು ಕೈಬಿಟ್ಟಳು ಎಂದು ಯಾರೂ ನನ್ನ ಮಗಳ ಮುಖಕ್ಕೆ ಹೇಳಿರಲಿಲ್ಲ. ನಾನು ಕೈ ಮುಗಿದು ಕೆಳಗಿಳಿದೆ.

ಊಟದ ಹೊತ್ತಿಗೆ ಗುರುತಿಲ್ಲದ ಹೆಂಗಸರು ಬಂದು ಅವಳ ತಲೆ ಸವರಿದರು. ಒಬ್ಬರು ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಅವಳು ಅದನ್ನು ಮುಟ್ಟಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಹತ್ತಿರ ಕೂತಿದ್ದಳು. ಹೆಮ್ಮಾಡಿ ದಾಟಿದ ಮೇಲೆ ಹೊರಗೆ ನೋಡುತ್ತಲೇ ಕೇಳಿದಳು:

“ಅಮ್ಮ ವಾರ ವಾರ ಫೋನ್ ಮಾಡತ್ತಲ್ದಾ? ಅವ್ರ್ ಹಾಂಗ್ ಹೇಳುವತಿಗೆ ನೀ ಎಂತಕ್ಕೆ ಸುಮ್ನಿದ್ದೆ?”

ಫೀಸು ಕಟ್ಟಬೇಕಿತ್ತು ಮಗಾ ಎಂದು ಹೇಳಿದೆ. ಹೇಳಿದ ಮೇಲೆ ಆ ಉತ್ತರ ಎಷ್ಟು ಕೆಟ್ಟದ್ದು ಎಂದು ತಿಳಿಯಿತು. ಅವಳು ಮನೆಗೆ ಬಂದು ಚೂಡಿದಾರ ಮಡಚಿಟ್ಟು ಶಾಲೆಯ ಲೆಕ್ಕ ಮಾಡಲು ಕೂತಳು.

ಮರುದಿನ ಬ್ರಹ್ಮಾವರಕ್ಕೆ ಹೋಗಿ ಎರಡನೆಯ ಕಂತು ಕಟ್ಟಿದೆ. ಆಫೀಸಿನ ಹುಡುಗಿ ನಗುತ್ತ ರಸೀದಿ ಕೊಟ್ಟಳು. ಅಷ್ಟರಲ್ಲಿ ನಮ್ಮ ಫೋಟೋ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು, ಕೆಳಗೆ ಕಾರ್ಯದರ್ಶಿಗಳ ಮಾತು ಹೆಚ್ಚುಕಡಿಮೆ ಹಾಗೇ ಬರೆದಿತ್ತು. ಸಂಘಕ್ಕೆ ಮುಂಬಯಿಯಲ್ಲಿ ಶಾಖೆಯಿದೆ. ಆ ಫೋಟೋ ಅಲ್ಲಿಗೂ ಹೋಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಮುಂದಿನ ಭಾನುವಾರ ಎಂದಿನಂತೆ ಫೋನು ಬಂತು. ಮಗಳಿಗೆ ಕೊಟ್ಟು ಅಂಗಳಕ್ಕೆ ಹೋದೆ. ಸ್ವಲ್ಪ ಹೊತ್ತಿಗೆ ಮಗಳು ಬಾಗಿಲಿಗೆ ಬಂದು ಫೋನು ಮುಂದೆ ಚಾಚಿ, ಅಮ್ಮ ನಿನ್ನ ಹತ್ತಿರ ಕೊಡು ಅಂತಿದ್ದಾಳೆ ಅಂದಳು. ಎಷ್ಟೋ ಕಾಲದಿಂದ ನಾವಿಬ್ಬರೂ ಮಾತಾಡಿರಲಿಲ್ಲ. ಬಯ್ಯುತ್ತಾಳೆ ಎಂದುಕೊಂಡೇ ಕಿವಿಗಿಟ್ಟೆ. ಅವಳು ದನಿ ಎತ್ತಲಿಲ್ಲ.

“ಕಾಣಿ, ನಾ ಬಿಟ್ಟ್ ಬಂದದ್ದ್ ನಿಮ್ಮನ್ನ. ಮಗಳನ್ನ ಅಲ್ಲ.”

ಹೌದು ಅಂದೆ. ಹಿಂದಿನಿಂದ ಪಾತ್ರೆಯ ಸದ್ದು ಕೇಳುತ್ತಿತ್ತು. ಆಮೇಲೆ ಅವಳು, ಕಡಲಿಗೆ ಹೋಗುವುದು ಬಿಟ್ಟದ್ದು ನಿಜವಾ ಎಂದು ಕೇಳಿದಳು. ಬಿಟ್ಟೆ ಅಂದೆ. ನಮ್ಮ ಮದುವೆಯಾದ ವರ್ಷದಿಂದ ಅವಳು ಕೇಳಿಕೊಂಡದ್ದು ಅದೊಂದನ್ನೇ, ದಡದ ಮೇಲೆ ಏನಾದರೂ ಕೆಲಸ ನೋಡಿ ಎಂದು. ಗಾಳಿ ಎದ್ದಾಗಲೆಲ್ಲ ಒಬ್ಬಳೇ ಕೂತು ಬೋಟಿನ ಸುದ್ದಿಗೆ ಕಾಯುವುದು ನನ್ನಿಂದಾಗುವುದಿಲ್ಲ ಅನ್ನುತ್ತಿದ್ದಳು. ನಮ್ಮಪ್ಪ ಅಜ್ಜ ಎಲ್ಲ ಇದನ್ನೇ ಮಾಡಿದವರು ಎಂದು ನಾನು ಮಾತು ಮುಗಿಸುತ್ತಿದ್ದೆ. ಅವಳು ಈಗ ಅದನ್ನೇನೂ ಎತ್ತಲಿಲ್ಲ. ಪರೀಕ್ಷೆಗೆ ಬೇರೆ ಫೀಸು ಇದೆಯಾ ಎಂದು ಮಾತ್ರ ಕೇಳಿದಳು. ಇದೆ ಅಂದೆ. ಮರುದಿನ ಅಷ್ಟು ದುಡ್ಡು ನನ್ನ ಫೋನಿಗೆ ಬಂದು ಬಿದ್ದಿತ್ತು. ವಾಪಸ್ಸು ಕಳುಹಿಸುವ ಯೋಗ್ಯತೆ ನನಗಿರಲಿಲ್ಲ. ಕಟ್ಟಿದೆ.

ಪರೀಕ್ಷೆ ಪಾಸಾಯಿತು. ಕೊಳವೆ ಬಗ್ಗಿಸುವುದು ಕೊನೆಗೂ ಕೈಗೆ ಹತ್ತಿತು. ಈಗ ಕುಂದಾಪುರದಲ್ಲಿ ಒಬ್ಬ ಮೆಕ್ಯಾನಿಕ್ಕಿನ ಒಟ್ಟಿಗೆ ಕೆಲಸ ಮಾಡುತ್ತೇನೆ. ಸಾಸ್ತಾನದವರೆಗಿನ ಹೋಟೆಲುಗಳ ಫ್ರಿಜ್ಜು, ಮೀನಂಗಡಿಗಳ ಫ್ರೀಜರು ನಮ್ಮವೇ. ಸಂಜೆ ಮಗಳು ಶಾಲೆಯಿಂದ ಬರುವಷ್ಟರಲ್ಲಿ ಮನೆಯಲ್ಲಿರಲು ಹೆಚ್ಚಿನ ದಿನ ಸಾಧ್ಯವಾಗುತ್ತದೆ. ಬೇಸಿಗೆ ರಜೆಯಲ್ಲಿ ಅವಳು ಮುಂಬಯಿಗೆ ಹೋಗುತ್ತಾಳೆ. ರೈಲು ಹತ್ತಿಸುವವನು ನಾನೇ. ಹೆಂಡತಿ ವಾಪಸ್ಸು ಬರಲಿಲ್ಲ, ಬಾ ಎಂದು ನಾನೂ ಕೇಳಲಿಲ್ಲ. ಕೇಳುವುದಕ್ಕೆ ಮುಖ ಬೇಕು.

ಹೋದ ವರ್ಷ ಕಾರ್ಯದರ್ಶಿಗಳ ಮನೆಯ ಫ್ರಿಜ್ಜು ತಂಪಾಗುತ್ತಿಲ್ಲವೆಂದು ಕರೆ ಬಂತು. ಹೋದೆ. ನನ್ನನ್ನು ಕಂಡು ಅವರಿಗೆ ನಿಜವಾಗಿಯೂ ಸಂತೋಷವಾಯಿತು. ತಮ್ಮ ಹೆಂಡತಿಯನ್ನು ಕರೆದು, ನಾನು ಹೇಳುತ್ತಿದ್ದೆನಲ್ಲ, ಅವರೇ ಇವರು ಎಂದು ತೋರಿಸಿದರು. ಈ ಸಲದ ಸಭೆಯಲ್ಲಿ ನೀವು ನಾಲ್ಕು ಮಾತಾಡಬೇಕು, ಮಕ್ಕಳಿಗೆ ಸ್ಫೂರ್ತಿಯಾಗುತ್ತದೆ ಅಂದರು. ನಾನು ಫ್ರಿಜ್ಜಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆ. ಅಲ್ಲಿಂದ ಏಳದೆಯೇ, ಅವರ ಮುಖ ನೋಡದೆಯೇ ಹೇಳಿದೆ: ನನ್ನ ಹೆಂಡತಿ ಮಗಳನ್ನು ಕೈಬಿಟ್ಟಿರಲಿಲ್ಲ, ವಾರ ವಾರ ಫೋನು ಮಾಡುತ್ತಿದ್ದಳು, ಕರೆದುಕೊಂಡು ಹೋಗುತ್ತೇನೆ ಅಂದಾಗ ಬಿಡದವನು ನಾನು, ಆವತ್ತು ನೀವು ಕೇಳಿದಾಗ ನಾನು ಹೇಳಬೇಕಿತ್ತು.

ಅವರು ಕನ್ನಡಕ ತೆಗೆದರು. “ನಂಗ್ ಗೊತ್ತಿರ್ಲಿಲ್ಲ ಮಾರಾಯ್ರೆ” ಅಂದರು. ಅವರ ಹೆಂಡತಿ ಚಹಾ ಮಾಡುತ್ತಿದ್ದವರು ನನ್ನ ಕಡೆ ನೋಡಿ, ಮತ್ತೆ ಒಲೆಯ ಕಡೆ ತಿರುಗಿದರು. ಸಭೆಯ ಮಾತು ಅವರು ಮತ್ತೆ ತೆಗೆಯಲಿಲ್ಲ. ಫ್ರಿಜ್ಜಿಗೆ ಗ್ಯಾಸು ತುಂಬಿಸಿ, ಚಹಾ ಕುಡಿದು ಬಂದೆ. ಕೂಲಿ ಬೇಡವೆಂದರೂ ಜೇಬಿಗೆ ಹಾಕಿದರು.

ಸಂಜೆ ಮಗಳಿಗೆ ಹೇಳಿದೆ, ಅವರಿಗೆ ಎಲ್ಲ ಹೇಳಿ ಬಂದೆ ಎಂದು. ಅವಳು ಪುಸ್ತಕದಿಂದ ತಲೆ ಎತ್ತಿದಳು.

“ಎಲ್ರ್ ಎದ್ರಿಗಾ?”

ಇಲ್ಲ, ಅವರ ಅಡುಗೆಮನೆಯಲ್ಲಿ ಅಂದೆ. ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ, ಅಕ್ಕಿ ತೊಳೆದಿಟ್ಟಿದ್ದೇನೆ, ಒಲೆಗೆ ಇಡು ಎಂದು ಹೇಳಿ ಮತ್ತೆ ಓದತೊಡಗಿದಳು.