ನೀಲಿ ಬೆರಳಿನ ಮೇಸ್ತ್ರಿಯ ಲೆಕ್ಕ

ಮೊನ್ನೆ ಅಟ್ಟದಿಂದ ಹಳೆಯ ಕೀಬೋರ್ಡುಗಳ ಪೆಟ್ಟಿಗೆ ಇಳಿಸಿದೆ. ಗುಜರಿಯವನು ತಕ್ಕಡಿ ಹಿಡಿದು ಕೆಳಗೆ ಕಾಯುತ್ತಿದ್ದ. ಪೆಟ್ಟಿಗೆಯ ತಳದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ಕು ಸಿಕ್ಕಿತು. ರಟ್ಟಿನ ಮೇಲೆ ನೀಲಿ ಬೆರಳ ಗುರುತುಗಳು. ಮೂಗಿಗೆ ಹಿಡಿದೆ, ಬ್ಲೀಚಿನ ವಾಸನೆ ಬಂತು. ಇಷ್ಟು ವರ್ಷ ವಾಸನೆ ಎಲ್ಲಿರುತ್ತದೆ, ನಿಮಗೆ ಅರಳುಮರಳು ಅಂದಳು ಹೆಂಡತಿ. ಇರಲಿ. ನನ್ನ ಮೂಗು, ನನ್ನ ವಾಸನೆ...

ಆ ಬೆರಳುಗಳು ಮೇಸ್ತ್ರಿಯವು. ಹೆಸರು ಬೇಡ. ನಮ್ಮ ಬಳ್ಳಾರಿಯ ಒಂದು ಜೀನ್ಸ್ ವಾಶಿಂಗ್ ಯೂನಿಟ್ಟಿನಲ್ಲಿ ಆತ ಮೇಸ್ತ್ರಿ. ಹೊಲಿದು ಬಂದ ಪ್ಯಾಂಟುಗಳನ್ನು ಬಣ್ಣದ ನೀರಿಗೆ, ಆಮೇಲೆ ಬ್ಲೀಚಿಗೆ ಹಾಕಿಸುವುದು, ಎಷ್ಟು ನಿಮಿಷಕ್ಕೆ ತೆಗೆಯಬೇಕೆಂದು ಕೈ ಮುಳುಗಿಸಿ ನೋಡಿ ಹೇಳುವುದು ಆತನ ಕೆಲಸ. ಊರು ಕುರುಗೋಡು. ಭಾನುವಾರ ರಜೆ. ಬೇರೆಯವರು ರಜೆಯ ದಿನ ಊರಿಗೆ ಹೋದರೆ ಈತ ನನ್ನ ಸೈಬರ್ ಕೆಫೆಗೆ ಬರುತ್ತಿದ್ದ.

ಅದಿರಿನ ಹುಚ್ಚು ಏರಿದ್ದ ಕಾಲ ಅದು. ಲಾರಿಗಳ ಧೂಳಿಗೆ ಊರಿನ ಬೇವಿನ ಮರಗಳೂ ಕೆಂಪಾಗಿದ್ದವು. ನನ್ನ ಅಂಗಡಿಯಲ್ಲಿ ಆರು ಕಂಪ್ಯೂಟರ್, ಆರಕ್ಕೂ ಆಟ. ನನ್ನಂಥ ತಮಾಷೆಗಾರ ಬಳ್ಳಾರಿಯಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ. ಒಬ್ಬ ಲಾರಿ ಮಾಲೀಕನಿಗೆ, ಕೆಂಪು ಧೂಳಿನಿಂದ ಕಂಪ್ಯೂಟರಿಗೆ ವೈರಸ್ ಹತ್ತುತ್ತದೆ ಎಂದು ಹೇಳಿದ್ದೆ. ಪಾಪ, ಒಂದು ವಾರ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಬಂದು ಕೂತ. ಎಂಟನೆಯ ದಿನ ಬಿಚ್ಚಿ ಹೇಳಿದೆ. ಆತನೇ ಎಲ್ಲರಿಗಿಂತ ಹೆಚ್ಚು ನಕ್ಕ. ಇದು ನನ್ನ ನಿಯಮ. ಮಾಡಿದ ತಮಾಷೆಯನ್ನು ಎಂಟು ದಿನದೊಳಗೆ ಬಿಚ್ಚಿ ಹೇಳಲೇಬೇಕು. ಹೇಳದಿದ್ದರೆ ಅದು ತಮಾಷೆಯಲ್ಲ.

ಮೇಸ್ತ್ರಿ ಆಡುತ್ತಿದ್ದದ್ದು ಕತ್ತಿ ಹಿಡಿದ ಒಬ್ಬ ವೀರನನ್ನು ಬೆಳೆಸಿ ರಾಕ್ಷಸರನ್ನು ಕೊಲ್ಲಿಸುವ ಆಟ. ಆ ವೀರನನ್ನು ಆತ 'ನಮ್ಮ ಪೈಲ್ವಾನ' ಎನ್ನುತ್ತಿದ್ದ. ಅದರಲ್ಲೂ ಆತ ಆರಿಸಿಕೊಂಡದ್ದು ಕಷ್ಟದ ದಾರಿ. ಅಲ್ಲಿ ಪೈಲ್ವಾನ ಒಮ್ಮೆ ಸತ್ತರೆ ಮುಗಿಯಿತು, ತಿಂಗಳುಗಟ್ಟಲೆ ಬೆಳೆಸಿದ್ದೆಲ್ಲ ಅಳಿಸಿಹೋಗುತ್ತದೆ. ಕೊನೆಯಲ್ಲಿ ಒಬ್ಬ ಹಿಮದ ರಾಕ್ಷಸ ಇದ್ದಾನೆ. ಆ ದಾರಿಯಲ್ಲಿ ಅವನನ್ನು ಕೊಂದವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ನಾನೂ ಇಲ್ಲ. ಮೂರು ಸಲ ಹೊಸದಾಗಿ ಬೆಳೆಸಿದ ನನ್ನ ಆಳು ಮೂರು ಸಲವೂ ಅವನ ಕಾಲಡಿ ಸತ್ತಿದ್ದ. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಮೇಸ್ತ್ರಿಯ ಕೈ ನೋಡಬೇಕಿತ್ತು. ಬ್ಲೀಚು ತಿಂದು ತಿಂದು ಚರ್ಮ ಬಿರಿದು, ಉಗುರುಗಳು ನೀಲಿಯಾಗಿ, ಬೆರಳ ತುದಿಗೆ ಸ್ಪರ್ಶವೇ ಇರಲಿಲ್ಲ. ಮೌಸು ಒತ್ತಿತೋ ಇಲ್ಲವೋ ಎಂದು ಶಬ್ದ ಕೇಳಿ ತಿಳಿದುಕೊಳ್ಳುತ್ತಿದ್ದ. ಒಂದೇ ಸಮನೆ ಹತ್ತು ಸಲ ಒತ್ತಿದರೆ ಬೆರಳು ಮರಗಟ್ಟುತ್ತಿತ್ತು. ಈ ಕೆಲಸ ಬಿಡದಿದ್ದರೆ ಕೈ ಬಿಡಬೇಕಾಗುತ್ತದೆ ಅಂದಿದ್ದರಂತೆ ಡಾಕ್ಟರು. ತಿಂಗಳ ಕೊನೆಗೆ ಕೆಲಸ ಬಿಟ್ಟು ಕುರುಗೋಡಿಗೆ ಹೋಗುವವನಿದ್ದ. ಹೋಗುವ ಮುಂಚೆ ಆ ರಾಕ್ಷಸನನ್ನು ಕೊಲ್ಲಬೇಕು, ಆತನಿಗೆ ಬೇಕಾದದ್ದು ಇಷ್ಟೇ. ಎಂಟು ತಿಂಗಳು ಪೈಲ್ವಾನನನ್ನು ಬೆಳೆಸಿದ್ದ. ಇನ್ನೊಬ್ಬನನ್ನು ಬೆಳೆಸುವಷ್ಟು ಬೆರಳು ಆತನಲ್ಲಿ ಉಳಿದಿರಲಿಲ್ಲ. ಇದು ಆತನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಮೌಸು ಒಂದು ಸಲ ಒತ್ತಿದರೆ ಒಂದು ಏಟು. ಹತ್ತೇ ಏಟಿನಲ್ಲಿ ಹೇಗೆ ಕೊಲ್ಲುವುದು? ಅದಕ್ಕೆ ಆತ ಒಂದು ಲೆಕ್ಕ ಹಾಕಿದ್ದ. ಹಿಮದ ರಾಕ್ಷಸನಿಗೆ ಬರೀ ಕತ್ತಿಯ ಏಟು ನಾಟುವುದಿಲ್ಲ, ಬೆಂಕಿಯ ಏಟೇ ಬೇಕು. ಆದರೆ ಆಟದಲ್ಲಿ ಬೆಂಕಿಯನ್ನು ಬೆಳೆಸುವುದು ತುಟ್ಟಿ. ಪೈಲ್ವಾನ ಗಳಿಸಿದ ಅಂಕಗಳಲ್ಲಿ ಒಂದನ್ನು ತೋಳಬಲಕ್ಕೆ ಹಾಕಿದರೆ ಕತ್ತಿಯ ಏಟು ನೂರಕ್ಕೆ ಹತ್ತು ಹೆಚ್ಚುತ್ತದೆ, ಅದೇ ಅಂಕ ಬೆಂಕಿಗೆ ಹಾಕಿದರೆ ಮೂರೇ. ಹಾಗಾಗಿ ಇದ್ದ ನಲವತ್ತು ಅಂಕವನ್ನೂ ತೋಳಬಲಕ್ಕೇ ಹಾಕಿ, ಆಮೇಲೆ ಕತ್ತಿಯ ಏಟನ್ನು ಪೂರ್ತಿ ಬೆಂಕಿಯಾಗಿ ಮಾರ್ಪಡಿಸುವ ಒಂದು ಮಾಯದ ಕಲ್ಲು ಹುಡುಕಿದ. ಆ ಕಲ್ಲು ಸಿಕ್ಕಿದ್ದು ಹಿಂದಿನ ಭಾನುವಾರವಷ್ಟೇ.

"ಅಗ್ಗದ ಬಟ್ಟಿ ತಗಂಡು ತುಟ್ಟಿ ಬಣ್ಣ ಹಾಕಿದಂಗ ಮಾಲಕ್ರ," ಎಂದು ನೋಟ್‌ಬುಕ್ಕು ತೋರಿಸಿದ್ದ. ಕತ್ತಿಯ ಏಟು ನೂರು. ತೋಳಬಲದಿಂದ ಅದಕ್ಕೆ ನಾನೂರು ಸೇರಿ ಐನೂರು. ಕಲ್ಲಿನಿಂದ ಆ ಐನೂರೂ ಬೆಂಕಿ. ರಾಕ್ಷಸನ ಜೀವ ಐದು ಸಾವಿರ. ಹತ್ತು ಏಟು.

ಲೆಕ್ಕ ಸರಿ ಇತ್ತು. ಆ ಆಟದಲ್ಲಿ ಏಟಿನ ಜಾತಿ ಬದಲಾದರೂ ಹಳೆಯ ಬಲ ಹೋಗುವುದಿಲ್ಲ, ಹೊಸದರ ಜೊತೆ ಅದೂ ಸೇರಿಕೊಂಡೇ ಇರುತ್ತದೆ. ಇಂಗ್ಲಿಷಿನಲ್ಲಿ ಅಚ್ಚಾದ ನಿಯಮದ ಪುಸ್ತಕ ನನ್ನ ಡ್ರಾವರಿನಲ್ಲಿತ್ತು, ಅದರಲ್ಲಿ ಹಾಗೆಂದೇ ಬರೆದಿತ್ತು. ಇಂಗ್ಲಿಷು ಬಾರದ, ಪ್ಯಾಂಟು ತೊಳೆಯುವ ಮನುಷ್ಯ ಅದನ್ನು ಬಣ್ಣದ ತೊಟ್ಟಿಯ ಮುಂದೆ ನಿಂತು ಕಂಡುಹಿಡಿದಿದ್ದ. ಓದಿಕೊಂಡೂ ಮೂರು ಸಲ ಸತ್ತವನು ನಾನು...

ಕಾಳಗಕ್ಕೆ ಆತ ಗೊತ್ತುಮಾಡಿದ್ದ ಭಾನುವಾರ ಮಧ್ಯಾಹ್ನ ಸಿರುಗುಪ್ಪದಿಂದ ನಾಲ್ವರು ಬಂದರು. ಅಕ್ಕಿ ಗಿರಣಿಗಳ ಗುಮಾಸ್ತರು, ಅಲ್ಲಿಯ ಸೈಬರಿನ ಹುಲಿಗಳು. ಬಳ್ಳಾರಿಯವನೊಬ್ಬ ರಾಕ್ಷಸನನ್ನು ಕೊಲ್ಲುತ್ತಾನೆಂದು ಕೇಳಿ ನೋಡಲು ಬಂದಿದ್ದರು. ಕರೆಸಿದ್ದು ನಾನೇ.

"ಏನ್ರೀ, ಬಳ್ಳಾರಿಯಾಗ ಗಂಡಸ್ರು ಮುಗುದ್ರೇನು, ಬಟ್ಟಿ ತೊಳ್ಯಾವ್ರನ್ನ ಕುಂದ್ರಿಸೀರಿ?" ಅಂದ ಒಬ್ಬ.

ಮೇಸ್ತ್ರಿ ತಿರುಗಿಯೂ ನೋಡಲಿಲ್ಲ. "ಹೌದ್ ತಮ್ಮಾ, ಇವತ್ತು ನಿಮ್ಮ ರಾಕ್ಷಸನ್ನ ತೊಳ್ಯಾದೈತಿ," ಅಂದ. ಎಲ್ಲರೂ ಹೋ ಎಂದು ನಕ್ಕರು. ಆ ನಗು ಗಳಿಸಿದವನು ಆತ. ನನ್ನ ಅಂಗಡಿಯಲ್ಲಿ ನಗು ಬೇರೆಯವರ ಪಾಲಾಗುವುದು ನನಗೆ ಅಭ್ಯಾಸವಿರಲಿಲ್ಲ.

ನಾನು ಕುರ್ಚಿಯ ಹಿಂದೆ ಹೋಗಿ ಹಣೆ ಬಡಿದುಕೊಂಡೆ. "ಅಯ್ಯೋ ಮೇಸ್ತ್ರಿ, ಏನ್ ಮಾಡೀರಿ ಇದು? ಏಟು ಬೆಂಕಿ ಆದ ಮ್ಯಾಲ ತೋಳಬಲ ಎದಕ್ಕ ಬರತೈತಿ?"

"ಬರತೈತಲ್ರಿ. ಬಟ್ಟಿಗೆ ನೀಲಿ ಹಾಕಿದ್ರ ಬಟ್ಟಿ ದಪ್ಪ ಎಲ್ಲಿ ಹೋಗತೈತಿ?"

"ಇದು ಬಣ್ಣ ಅಲ್ರಿ, ಬ್ಲೀಚು. ಬ್ಲೀಚ್ ಹೊಡದ ಮ್ಯಾಲ ಮದ್ಲಿನ ಬಣ್ಣ ಉಳಿತೈತೇನು? ನೀವ ಹೇಳ್ರಿ."

ಆತ ಮೌಸು ಬಿಟ್ಟು ನೋಟ್‌ಬುಕ್ಕು ತೆರೆದ. ಆತನ ಕಸುಬನ್ನೇ ಎತ್ತಿ ಆತನಿಗೆ ಹೊಡೆದಿದ್ದೆ. ಡ್ರಾವರಿನಿಂದ ನಿಯಮದ ಪುಸ್ತಕ ತೆಗೆದೆ. ಹಳೆಯ ಬಲ ಉಳಿಯುತ್ತದೆ ಎಂದು ಬರೆದಿದ್ದ ಸಾಲಿನ ಮೇಲೆಯೇ ಬೆರಳಿಟ್ಟು, ಉಳಿಯುವುದಿಲ್ಲ ಎಂದು ಓದಿ ಹೇಳಿದೆ. ಆತ ಆ ಸಾಲನ್ನು ಬಗ್ಗಿ ನೋಡಿದ. ಆತನಿಗೆ ಕಂಡದ್ದು ನನ್ನ ಬೆರಳು ಮಾತ್ರ.

"ಪುಸ್ತಕದಾಗ ಐತಂದ್ರ ಮುಗೀತು," ಅಂದ.

ಹಾಕಿದ ಅಂಕಗಳನ್ನು ವಾಪಸು ತೆಗೆದು ಬೇರೆಡೆ ಹಾಕಲು ಆಟದಲ್ಲಿ ಒಂದೇ ಒಂದು ಅವಕಾಶ. ಆತ ನಲವತ್ತನ್ನೂ ತೆಗೆದು ಬೆಂಕಿಗೆ ಹಾಕಿದ. ಪರದೆಯ ಮೇಲೆ ಬೆಂಕಿಯ ಸಂಖ್ಯೆ ಸೊನ್ನೆಯಿಂದ ನೂರಾ ಇಪ್ಪತ್ತಕ್ಕೆ ಏರಿತು. ಮಾರ್ಪಟ್ಟ ಏಟಿನ ಒಟ್ಟು ಮೊತ್ತವನ್ನು ಆಟ ಎಲ್ಲಿಯೂ ತೋರಿಸುತ್ತಿರಲಿಲ್ಲ. ಏರಿದ್ದು ಮಾತ್ರ ಕಂಡಿತು, ಇಳಿದದ್ದು ಕಾಣಲಿಲ್ಲ. ಐನೂರರ ಏಟು ಈಗ ಇನ್ನೂರಾ ಇಪ್ಪತ್ತು. ಹತ್ತು ಏಟಿಗೆ ಅದು ಸಾಲುತ್ತದೆಯೇ ಎಂದು ಲೆಕ್ಕ ಹಾಕಲು ಸಿರುಗುಪ್ಪದವರ ಗದ್ದಲ ಆತನನ್ನು ಬಿಡಲಿಲ್ಲ. ಆತ ನನ್ನ ಕಡೆ ತಿರುಗಿ, "ನೀವಿದ್ರಿ, ಉಳಿಸಿದ್ರಿ ಮಾಲಕ್ರ," ಅಂದ.

ಆಗ ಹೇಳಬಹುದಿತ್ತು. ನಾನು ಬಾಯಿ ಒಳಗೆ ನಗು ಕಚ್ಚಿಕೊಂಡು ನಿಂತಿದ್ದೆ.

ರಾಕ್ಷಸನ ಗುಹೆ ಹೊಕ್ಕರೆ ಬಾಗಿಲು ಮುಚ್ಚುತ್ತದೆ. ಮೇಸ್ತ್ರಿ ಒತ್ತಿದ. ಒಂದು, ಎರಡು, ಮೂರು... ಸಿರುಗುಪ್ಪದವರು ಗಟ್ಟಿಯಾಗಿ ಎಣಿಸುತ್ತಿದ್ದರು. ಹತ್ತಾಯಿತು. ರಾಕ್ಷಸನ ಜೀವ ಅರ್ಧವೂ ಇಳಿದಿರಲಿಲ್ಲ. ಹನ್ನೊಂದನೆಯದಕ್ಕೆ ಮೌಸು ಶಬ್ದ ಮಾಡಲಿಲ್ಲ. ಆತ ಬಲಗೈ ಬೆರಳನ್ನು ಎಡಗೈಯಿಂದ ಹಿಡಿದು ಒತ್ತಿದ. ಅದು ಹನ್ನೊಂದು. ಹನ್ನೆರಡನೆಯದು ಆಗಲಿಲ್ಲ. ಪೈಲ್ವಾನ ಬಿದ್ದ. ಪರದೆ ಕಪ್ಪಾಯಿತು. ಸಿರುಗುಪ್ಪದವರು ಮೇಜು ಬಡಿದು ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕೆ.

"ಲೆಕ್ಕ ಎಲ್ಲಿ ತಪ್ಪಿತ್ರಿ ಮಾಲಕ್ರ?" ಅಂದ ಆತ. ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ.

"ಹೋಗ್ರಿ ಮನೀಗೆ, ಕುಂತು ಹುಡುಕ್ರಿ," ಅಂದೆ.

ಮುಂದಿನ ಭಾನುವಾರ ಬಿಚ್ಚಿ ಹೇಳುವುದಿತ್ತು. ಚಹಾ ತರಿಸಿ, ಪುಸ್ತಕದ ಸಾಲು ಸರಿಯಾಗಿ ಓದಿ, ನಿಮ್ಮ ಲೆಕ್ಕ ಸರಿ ಇತ್ತಪ್ಪಾ ಎಂದು ಬೆನ್ನು ತಟ್ಟಿ ನಗಿಸಬೇಕೆಂದಿದ್ದೆ. ಆತ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ತಿಂಗಳ ಕೊನೆಗೆ ಊರಿಗೆ ಹೋದನೆಂದು ಯೂನಿಟ್ಟಿನವರು ಹೇಳಿದರು. ಕುರುಗೋಡು ಎಷ್ಟು ದೂರ? ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ನಾನು ಹೋಗಲಿಲ್ಲ. ಇವತ್ತು ನಾಳೆ ಎನ್ನುತ್ತ ಎಂಟು ದಿನ ವರ್ಷಗಳಾದವು... ಗಣಿ ನಿಂತು ಲಾರಿಗಳು ರಸ್ತೆಬದಿಗೆ ತುಕ್ಕು ಹಿಡಿದು ನಿಂತವು. ಸೈಬರೂ ಮುಚ್ಚಿತು.

ಕೊನೆಗೆ ಒಂದು ಮದುವೆಯ ನೆಪದಲ್ಲಿ ಕುರುಗೋಡಿಗೆ ಹೋದೆ. ಗುಡ್ಡದ ಕೆಳಗಿನ ಓಣಿಯಲ್ಲಿ ಮನೆ. ಬಾಗಿಲಿಗೆ ಬಂದದ್ದು ಆತನ ಹೆಂಡತಿ. ಮೇಸ್ತ್ರಿ ತೀರಿಕೊಂಡು ಒಂದು ವರ್ಷವಾಗಿತ್ತು. ನಾನು ಯಾರೆಂದು ಹೇಳಿದ ಕೂಡಲೇ ಆಕೆ ಸೆರಗು ಸರಿಮಾಡಿಕೊಂಡು ಕುರ್ಚಿ ಹಾಕಿದಳು.

"ಕಂಪ್ಯೂಟರ್ ಮಾಲಕ್ರು ನೀವಽ ಏನಣ್ಣಾ? ಭಾಳ ನೆನಸ್ತಿದ್ರು ನಿಮ್ಮನ್ನ. ಕಡೀಕ ಊಟಾನೂ ನಾನಽ ಉಣಿಸ್ತಿದ್ದೆ, ಆದ್ರ ಪೆನ್ನು ಮಾತ್ರ ಬಿಡಲಿಲ್ಲ. ಮಾಲಕ್ರು ಪುಸ್ತಕ ನೋಡಿ ಹೇಳ್ಯಾರ, ಅವ್ರು ತಪ್ಪಾಂಗಿಲ್ಲ, ನಂದಽ ಎಲ್ಲೋ ತಪ್ಪೈತಿ ಅಂತ ಬರಕೋತ ಕುಂದ್ರತಿದ್ರು." ಒಳಗೆ ಹೋಗಿ ಈ ನೋಟ್‌ಬುಕ್ಕು ತಂದು ಕೈಗಿಟ್ಟಳು. "ಎಲ್ಲಿ ತಪ್ಪಿತ್ತಣ್ಣಾ ಅವ್ರದು?"

ಊರಿಗೆಲ್ಲ ಟೋಪಿ ಹಾಕಿದ ನಾಲಿಗೆ ನನ್ನದು. ಆಕೆಯ ಮುಂದೆಯೂ ಅದು ತನ್ನ ಕೆಲಸ ಮಾಡಿತು.

"ಒಂದು ಸಣ್ಣ ತಪ್ಪಮ್ಮಾ, ಯಾರಿಗಾದ್ರೂ ಆಗತೈತಿ," ಅಂದೆ. ಆಕೆ ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಬಂದವನು ನೋಟ್‌ಬುಕ್ಕನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ತೆರೆದದ್ದು ಮೊನ್ನೆಯೇ. ಪುಟ ಪುಟಕ್ಕೂ ಅದೇ ಲೆಕ್ಕ. ನೂರು, ನಾನೂರು, ಐನೂರು. ಮೊದಲ ಪುಟಗಳಲ್ಲಿ ಅಕ್ಷರ ಮುತ್ತಿನಂತಿದೆ. ಆಮೇಲೆ ದಪ್ಪವಾಗುತ್ತ, ಗೆರೆ ಬಿಟ್ಟು ಜಾರುತ್ತ ಹೋಗಿ, ಕೊನೆಕೊನೆಗೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಗೀಚಿದಂತೆ ಪುಟಕ್ಕೊಂದೇ ಅಂಕಿ. ಪ್ರತಿ ಸಲವೂ ಉತ್ತರ ಐನೂರೇ ಬಂದಿದೆ. ಪ್ರತಿ ಸಲವೂ ಕೆಳಗೆ ತನ್ನ ಕೈಯಾರೆ 'ತಪ್ಪು' ಎಂದು ಬರೆದುಕೊಂಡಿದ್ದಾನೆ. ಬರವಣಿಗೆ ಇರುವ ಕೊನೆಯ ಪುಟದಲ್ಲಿ ಐನೂರರ ಕೆಳಗೆ ಬರೀ 'ತ' ಇದೆ. ಉಳಿದದ್ದನ್ನು ಬರೆಯಲು ಆಗಿಲ್ಲ.

"ಅಜ್ಜಾರ, ಆ ಪುಸ್ತಕಾನೂ ಹಾಕ್ತೀರೇನು?" ಎಂದು ಗುಜರಿಯವನು ಕೆಳಗಿನಿಂದ ಕೂಗಿದ.

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ನೋಟ್‌ಬುಕ್ಕನ್ನು ಬಗಲಿಗೆ ಒತ್ತಿಕೊಂಡು ಬರೀ ಕೈ ಅಲ್ಲಾಡಿಸಿದೆ.